ಕಾರಿಗೆ ಬೆಂಕಿ ಹಚ್ಚೋರ ಶೆಡ್ಡಲ್ಲಿ

ಪೀಣ್ಯದ ನಮ್ಮ ಶೆಡ್ಡಲ್ಲಿ ಒಂದು ವಾರ ನೆಮ್ಮದಿಯಾಗಿ ಕಳೀತು ಅಂದ್ರೆ ನಾನೂ ನಮ್ಮ ಯಜಮಾನ್ರೂ ಒಬ್ಬರ ಮುಖ ಒಬ್ಬರು ನೋಡ್ಕೋತೀವಿ, ಇನ್ನೇನು ಕಾದಿದೆಯೋ ಅಂತ. ನಮ್ಮದು ಕಾರಿನ ಮೇಲೆ ಬೆಂಕಿಯ ಜ್ವಾಲೆ ಬರೆಯೋ ಕೆಲಸ. ಬಾನೆಟ್ಟಿನಿಂದ ಶುರುವಾಗಿ ಮುಂದಿನ ಬಾಗಿಲ ತನಕ ಕೆಂಪು, ಕಿತ್ತಳೆ, ಹಳದಿ ನಾಲಿಗೆಗಳು. ಬಣ್ಣ ಹೊಡೆಯೋದು ಅವರು. ಅದಕ್ಕೆ ಮುಂಚೆ, ಬಣ್ಣ ಬೀಳಬಾರದ ಕಡೆಗೆಲ್ಲ ಟೇಪು, ಪೇಪರು ಅಂಟಿಸೋ ಮಾಸ್ಕಿಂಗ್ ನನ್ನದು. ಮದುವೆಗೆ ಮುಂಚೆ ಗಾರ್ಮೆಂಟ್ಸಲ್ಲಿ ಶರ್ಟಿನ ಕಾಲರ್ ಕತ್ತರಿಸ್ತಿದ್ದೆ. ಹಾಗಾಗಿ ಎಂಥ ತಿರುವಿಗೂ ನನ್ನ ಕೈ ಹೆದರಲ್ಲ. ನಾನು ಹೆದರೋದು ಕಾರಿನ ಜೊತೆ ಬರೋ ಜನಕ್ಕೆ.

ಉಸಿರು

ಜ್ವಾಲೆಯ ಅಂಚಿಗೆ ಸಣ್ಣ ಟೇಪು ಎಳೆಯೋದು ಒಂದೇ ಸಲಕ್ಕೆ ಆಗ್ಬೇಕು. ನಡುವೆ ಕೈ ನಿಂತ್ರೆ ಅಲ್ಲೊಂದು ಗಂಟು ಬೀಳುತ್ತೆ, ಬೆಂಕಿ ಹೋಗಿ ಬದನೆಕಾಯಿ ಆಗುತ್ತೆ. ಒಂದಿನ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಹುಡುಗ ಒಬ್ಬ ತನ್ನ ಹೊಸ ಕಾರು ತಂದು, ನನ್ನ ಬೆನ್ನ ಹಿಂದೆಯೇ ನಿಂತ. "ಮೇಡಂ, ಅಲ್ಲಿ ಸ್ವಲ್ಪ ಮೇಲೆ. ಮೇಡಂ, ಇಲ್ಲಿ ಸ್ವಲ್ಪ ಶಾರ್ಪು."

ನಮ್ಮ ಯಜಮಾನ್ರಿಗೆ ತಡೀಲಿಲ್ಲ. "ಸಾರ್, ಟೇಪ್ ಎಳೆಯುವಾಗ ಮಾತಿರಲಿ, ಉಸಿರೂ ಬಿಡಬಾರದು!" ಅಂದ್ರು.

ಹುಡುಗ ಒಂದು ಹೆಜ್ಜೆ ಹಿಂದೆ ಸರಿದ. ಬಾನೆಟ್ಟಿನ ಅತಿ ಉದ್ದದ ಜ್ವಾಲೆ ಅದು. ಉಸಿರು ಬಿಗಿಹಿಡಿದು ಎಳೆದೆ. ತಿರುವು ದಾಟಿದೆ, ತುದಿ ಹತ್ತಿರ ಬಂದೆ. ಟೇಪು ಒತ್ತಿ, "ಅಬ್ಬಾ" ಅಂತ ಉಸಿರು ಬಿಡೋದಕ್ಕೂ ಹಿಂದೆ ದಢ್ ಅಂತ ಸದ್ದಾಗೋದಕ್ಕೂ ಸರಿಹೋಯ್ತು. ತಿರುಗಿ ನೋಡಿದ್ರೆ ಹುಡುಗ ಹಳೇ ಟೈರಿನೊಳಗೆ ಕೂತುಬಿಟ್ಟಿದ್ದಾನೆ, ಮುಖ ಬೀಟ್ರೂಟು. ನಾನು ಗಾಬರಿಯಿಂದ ನೀರು ಹಿಡ್ಕೊಂಡು ಓಡಿದೆ.

ಕೆನ್ನೆ ಉಬ್ಬಿಸ್ಕೊಂಡೇ, ಮೂಗಿಂದ ಕೇಳಿದ: "ಮೇಡಂ, ಈಗ ಬಿಡಬಹುದಾ?"

ಸರ್ವಿಸು

ಮಾರತ್ತಹಳ್ಳಿಯ ಅಪಾರ್ಟ್‌ಮೆಂಟಿನ ಸಾಹೇಬರೊಬ್ಬರು, ದಾವಣಗೆರೆ ಕಡೆಯವರು, ಮನೇಲಿ ಹೇಳದೇ ಬಿಳಿ ಕಾರು ತಂದು ಬಿಟ್ಟಿದ್ರು. "ಕಾರು ಸರ್ವಿಸಿಗೆ ಹೋಗೇತಿ ಅಂದೀನ್ರೀ. ಬಣ್ಣ ಆದಮ್ಯಾಲೆ ಸರ್ಪ್ರೈಸ್ ಕೊಡ್ತೀನಿ."

ಮಾಸ್ಕಿಂಗ್ ಮುಗಿದ ದಿನ ಅವರು ನೋಡೋಕೆ ಬಂದ್ರು. ಹಿಂದೆಯೇ ಒಂದು ಆಟೋ ಬಂತು. ಇಳಿದದ್ದು ಅವರ ಮನೆಯವರು. ಸಾಹೇಬರು ಪೇಂಟ್ ಡಬ್ಬಿಗಳ ಹಿಂದೆ ಬಗ್ಗೋಕೆ ನೋಡಿದ್ರು, ಹೊಟ್ಟೆ ಅಡ್ಡ ಬಂತು.

ಆಯಮ್ಮ ಪೇಪರು ಸುತ್ತಿದ್ದ ಕಾರಿನ ಸುತ್ತ ನಿಧಾನಕ್ಕೆ ನಡೆದ್ರು. ಪೇಪರ್ ಬಿಟ್ಟ ಜಾಗದಲ್ಲಿ ಜ್ವಾಲೆಯ ಆಕಾರ ಎದ್ದು ಕಾಣ್ತಿತ್ತು. ನಮ್ಮ ಯಜಮಾನ್ರು ಸ್ಪ್ರೇ ಗನ್ನು ಬೆನ್ನ ಹಿಂದೆ ಬಚ್ಚಿಟ್ಕೊಂಡ್ರು. ನಾನು ಟೇಪಿನ ರೋಲು ಸೆರಗಿನ ಕೆಳಗೆ ಇಟ್ಕೊಂಡೆ. ಈಗ ಕಿತ್ತು ಹಾಕಿ ಅಂತಾರೆ, ಇಷ್ಟು ದಿನದ ಕೆಲಸ ಮಣ್ಣುಪಾಲು ಅಂದ್ಕೊಂಡೆ.

ಆಯಮ್ಮ ಬಾನೆಟ್ಟಿನ ಮುಂದೆ ನಿಂತು ಬೆರಳು ತೋರಿಸಿದ್ರು. "ಎಡಗಡೆ ಬೆಂಕಿ ಗಿಡ್ಡ ಆಗೇತಿ, ಬಲಗಡೆ ಉದ್ದ ಐತಿ. ಸಮಾ ಮಾಡ್ರಿ."

ಸಾಹೇಬರ ಮುಖ ಅರಳಿತು. "ಅಂದ್ರ, ನಿನಗ ಸಿಟ್ಟಿಲ್ಲೇನು?"

"ಕಾರಿನ ಸರ್ವಿಸ್ ಇಲ್ಲಿ ಆಗಲಿ. ನೀವು ಮನೀಗೆ ಬರ್ರಿ, ನಿಮ್ಮ ಸರ್ವಿಸ್ ಅಲ್ಲೈತಿ."

ದೊಡ್ಡಪ್ಪ

ಇದನ್ನ ನೆನೆಸ್ಕೊಂಡ್ರೆ ಈಗಲೂ ಮೊದಲು ಭಯ ಆಗುತ್ತೆ, ಆಮೇಲೆ ನಗು ಬರುತ್ತೆ.

ಚಂದಾಪುರದ ಗೌಡರ ಮನೆ ಹುಡುಗ ಒಬ್ಬ ಕರೀ ದೊಡ್ಡ ಕಾರು ತಂದ. ಕಾವಲಿಗೆ ಅಂತ ತನ್ನ ದೊಡ್ಡಪ್ಪನ್ನ ಬಿಟ್ಟು ಹೋದ. ದೊಡ್ಡಪ್ಪ ಬೆಳಿಗ್ಗೆಯೆಲ್ಲ ಕುರ್ಚಿ ಹಾಕ್ಕೊಂಡು ಕೂತಿದ್ರು. ಊಟ ಮುಗಿಸಿ ಬಂದು ನೋಡ್ತೀವಿ, ಕುರ್ಚಿ ಖಾಲಿ. ಟೀ ಕುಡಿಯೋಕೆ ಹೋಗಿರಬೇಕು ಅಂದ್ಕೊಂಡ್ವಿ. ಹಿಂದಿನ ಗಾಜುಗಳಿಗೆಲ್ಲ ಪರದೆ ಇತ್ತು, ಒಳಗೇನೂ ಕಾಣ್ತಿರಲಿಲ್ಲ. ಒಂದೊಂದೇ ಗಾಜಿಗೆ, ಬಾಗಿಲ ಸಂದಿಗೆ, ಡಿಕ್ಕಿಗೆ ಕಂದು ಪೇಪರು ಅಂಟಿಸಿ, ಗಾಳಿಯೂ ನುಸುಳದ ಹಾಗೆ ಟೇಪು ಹೊಡೆದೆ.

ಯಜಮಾನ್ರು ಮುಖಕ್ಕೆ ಮಾಸ್ಕ್ ಹಾಕ್ಕೊಂಡು ಕಂಪ್ರೆಸರ್ ಆನ್ ಮಾಡಿದ್ರು. ಬಾನೆಟ್ಟಿಗೆ, ಮುಂದಿನ ಬಾಗಿಲುಗಳಿಗೆ ಕೆಂಪು ಬಿತ್ತು. ಅಷ್ಟರಲ್ಲಿ ನನ್ನ ಫೋನು. ಗೌಡರ ಹುಡುಗ.

"ಅಕ್ಕಾ, ನಮ್ಮ ದೊಡ್ಡಪ್ಪನ್ನ ಏನು ಮಾಡಿದ್ರಿ? ರಾತ್ರಿ ಆಗೈತೆ, ಎಲ್ಲಾರೂ ಶೆಡ್ ಮುಚ್ಕೊಂಡು ಹೋಗವ್ರೆ ಅಂತ ಫೋನಲ್ಲಿ ಅಳ್ತಾವ್ರೆ! ಇಲ್ಲಿ ಬಿಸಿಲು ಸುಡ್ತೈತೆ!"

"ಎಲ್ಲಿದ್ದಾರಂತೆ?"

"ಕಾರೊಳಗೆ! ಮಲಗಿದ್ದೋರು ಈಗ ಎದ್ದವ್ರೆ!"

ಕಾರಿನ ಕಡೆ ನೋಡಿದ್ರೆ ಸಣ್ಣಗೆ ಅಲ್ಲಾಡ್ತಿದೆ. ಕಂಪ್ರೆಸರ್ ಸದ್ದಿಗೆ ಯಜಮಾನ್ರಿಗೆ ನನ್ನ ಕೂಗು ಕೇಳಿಸ್ತಿಲ್ಲ. ಓಡಿಹೋಗಿ ಸ್ವಿಚ್ಚು ಆರಿಸಿ, "ಒಳಗೆ ಜನ ಇದಾರ್ರೀ!" ಅಂದೆ. ಅವರ ಕೈಯಿಂದ ಗನ್ನು ಜಾರಿತು. ಯಾವ ಬಾಗಿಲು ತೆಗೆದ್ರೂ ಹಸಿ ಬಣ್ಣವೆಲ್ಲ ಪೇಪರಿನ ಜೊತೆ ಕಿತ್ತು ಬರುತ್ತೆ. ಆದರೆ ಬಣ್ಣದ ವಾಸನೆ ಒಳಗೆ ಹೋಗಿದ್ರೆ? ಬಾಗಿಲೋ, ಡಿಕ್ಕಿಯೋ? ಯೋಚಿಸೋಕೂ ಪುರಸೊತ್ತಿಲ್ಲ. ಇಬ್ಬರೂ ಡಿಕ್ಕಿ ಕಡೆ ಓಡಿ ಪೇಪರು ಪರಪರ ಹರಿದ್ವಿ.

"ದೊಡ್ಡಪ್ಪಾ, ಹೆದರಬೇಡಿ, ಬಂದ್ವಿ!" ಅಂತ ಕೂಗಿದೆ.

ಒಳಗಿಂದ ನಡುಗೋ ದನಿ: "ಯಾರವ್ವ ನೀನು? ಈ ಕತ್ತಲಲ್ಲಿ ಎಂಗಸ್ರು ಯಾಕ್ ಓಡಾಡ್ತೀರಾ? ಓಗು ತಾಯಿ, ನಾನೇನೂ ತಪ್ಪು ಮಾಡಿಲ್ಲ!"

ಡಿಕ್ಕಿ ಎತ್ತಿದ್ವಿ. ಅವರು ಹಿಂದಿನ ಸೀಟಿನ ಮೇಲೆ ಮಂಡಿಯೂರಿ ಕೈ ಮುಗಿದಿದ್ರು. ಹೆಗಲು ಹಿಡಿದು ಸೀಟು ದಾಟಿಸಿ ಈಚೆಗೆ ಎಳ್ಕೊಂಡ್ವಿ. "ಉಸಿರಾಡ್ತಿದ್ದೀರಾ? ತಲೆ ಸುತ್ತುತ್ತಾ?" ಅಂತ ಕೇಳ್ತಾ ನಾನು ಅಳೋದೊಂದು ಬಾಕಿ. ಯಜಮಾನ್ರು ಅವರ ಬೆನ್ನು ಸವರುತ್ತಾ ಇದ್ರು.

ದೊಡ್ಡಪ್ಪ ಕಣ್ಣು ಕಿರಿದು ಮಾಡಿ ಶೆಡ್ಡಿನ ಬಾಗಿಲಲ್ಲಿ ಬಿದ್ದಿದ್ದ ಬಿಸಿಲನ್ನ ನೋಡಿದ್ರು. ಮೈ ಮುರಿದ್ರು. ಹೆಗಲ ಟವೆಲ್ ಕೊಡವಿದ್ರು. ಆಮೇಲೆ ನನ್ನ ಕಡೆ ತಿರುಗಿ, ಬಹಳ ಸಮಾಧಾನವಾಗಿ ಕೇಳಿದ್ರು:

"ಸದ್ಯ, ಬೆಳಗಾಯ್ತು. ಅಲ್ಲುಜ್ಜೋಕೆ ಪೇಸ್ಟ್ ಐತೇನವ್ವ?"