ಮರೆತದ್ದನ್ನು ಹೇಳದ ಸಹಾಯಕ

ಕೋಡ್ ಬರೆಯುವ ಎಐ ಮರೆಯುತ್ತದೆ. ಮರೆತೆ ಅಂತ ಹೇಳದೆ ಕೆಲಸ ಮುಂದುವರಿಸುತ್ತದೆ. ಇದು ಮೋಸ. ಮಾತು ಉದ್ದವಾದಂತೆ ಹಳೆಯದನ್ನು ಕುಗ್ಗಿಸಿ ಸಾರಾಂಶ ಮಾಡಿಕೊಳ್ಳುತ್ತದೆ, ಮುಖ್ಯವಾದದ್ದು ಅಲ್ಲೇ ಉದುರಿಹೋಗುತ್ತದೆ. ದಿನಾ ಇದೇ ಗೋಳು. ಬೆಂಗಳೂರಿನ ಜೋಗುಪಾಳ್ಯದ ನಮ್ಮ ಬೀದಿಗೆ ಕಾವೇರಿ ನೀರು ಬರುವುದು ನಿಂತಾಗ, ದೂರು ದಾಖಲಿಸುವ ವೆಬ್‌ಸೈಟನ್ನು ಇಂಥ ಎಐ ಕೈಲಿ ಕಟ್ಟಿಸಲು ಕೂತೆ. ನಾನು ಕಾಲೇಜು ಕಂಡವನಲ್ಲ, ನೋಡಿ ನೋಡಿ ಕಲಿತವನು. ಶನಿವಾರ ನೀರಿನ ಇಂಜಿನಿಯರ್ ಬರುವವರಿದ್ದರು. ಅಷ್ಟರೊಳಗೆ ಮನೆಮನೆಯ ದೂರು ತೋರಿಸದಿದ್ದರೆ ನಮಗೆ ಟ್ಯಾಂಕರೇ ಗತಿ.

೧. ಬಟನ್

ನೆನಪು ಕುಗ್ಗಿದ ಮೇಲೆ ಎಐಗೆ ಉಳಿದದ್ದು ‘ನೀರಿನ ವೆಬ್‌ಸೈಟ್’ ಅನ್ನುವುದಷ್ಟೇ. ದೂರಿನ ಜಾಗದಲ್ಲಿ ‘ನೀರಿನ ಕ್ಯಾನ್ ಆರ್ಡರ್ ಮಾಡಿ’ ಅನ್ನುವ ಬಟನ್ ಇಟ್ಟಿತು. ನಾನು ಕೂತಿದ್ದದ್ದು ಪಕ್ಕದ ಟೈಲರ್ ಅಕ್ಕನ ಅಂಗಡಿಯಲ್ಲಿ. ಅಕ್ಕ ಇಣುಕಿ, “ಏನಪ್ಪಾ, ಹೋರಾಟ ಅಂದೆ, ವ್ಯಾಪಾರಕ್ಕೆ ಇಳಿದ್ಬಿಟ್ಟಾ?” ಅಂದರು.

ಬಟನ್ ತೆಗೆಯುವಷ್ಟರಲ್ಲಿ ಎದುರುಮನೆಯವನು ಬಂದ. “ಕ್ಯಾನ್ ಯಾವಾಗ ಬರುತ್ತೆ ಗುರು?”

೨. ಪೂರ್ತಿ ಕಥೆ

“ನೀನು ಅರ್ಧಂಬರ್ಧ ಹೇಳ್ತೀಯ, ಅದಕ್ಕೇ ಮರೆಯುತ್ತೆ” ಎಂದು ಅಕ್ಕ ಮೈಕಿನಲ್ಲಿ ತಾವೇ ಎಐಗೆ ಹೇಳತೊಡಗಿದರು. ಬೀದಿಗೆ ನೀರು ಬಿಡಲು ವಾಲ್ವ್ ತಿರುಗಿಸುವವನು ರಜೆ ಹಾಕಿದ್ದು, ಅವನ ಮಗಳ ಮದುವೆ, ಊಟಕ್ಕೆ ಪಾಯಸ ಸಾಲದೆ ಹೋದದ್ದು, ಒಂದೂ ಬಿಡಲಿಲ್ಲ. ಕಥೆ ಮುಗಿಯುವಷ್ಟರಲ್ಲಿ ಅದರ ನೆನಪು ಮತ್ತೆ ತುಂಬಿ ಕುಗ್ಗಿತು. “ಮದುವೆಗೆ ಎಷ್ಟು ಜನ ಬರಬಹುದು?” ಎಂದು ಕೇಳಿತು.

“ನಮ್ಮ ಯಜಮಾನ್ರೇ ವಾಸಿ, ಕೇಳಿಸ್ಕೊಳ್ಳೋದೇ ಇಲ್ಲ” ಅಂದರು ಅಕ್ಕ.

೩. ಒಂದೇ ದೂರು

ನಮ್ಮ ಬೀದಿಯಲ್ಲಿ ಅರ್ಜಿ ಅಂದರೆ ಒಬ್ಬರು ಬರೆಯುವುದು, ಮಿಕ್ಕವರು ಅದನ್ನೇ ನೋಡಿ ಇಳಿಸುವುದು. ವೆಬ್‌ಸೈಟಿನಲ್ಲೂ ಹಾಗೇ ಮಾಡಿದರು. ಪ್ರತಿ ಮನೆಯದ್ದೂ ಬೇರೆ ದೂರು, ಮುಟ್ಟಬೇಡ ಎಂದು ಎಐಗೆ ಹೇಳಿದ್ದೆ. ಶನಿವಾರ ಬೆಳಿಗ್ಗೆ ಅದನ್ನೂ ಮರೆಯಿತು. ಎಲ್ಲ ನಕಲು ಎಂದುಕೊಂಡು ಒಂದನ್ನು ಉಳಿಸಿ ಮಿಕ್ಕದ್ದನ್ನು ಅಳಿಸಿತು.

ಇಂಜಿನಿಯರ್ ಬಂದು ನೋಡಿ, “ಒಂದೇ ದೂರಿದೆಯಲ್ಲ ರೀ?” ಅಂದರು.

“ಒಂದೇ ಸಾರ್. ನೀರಿಲ್ಲ. ಇನ್ನೆಷ್ಟು ಥರ ಹೇಳ್ಬೇಕು?” ಎಂದ ಅಕ್ಕ ಬೀದಿಗಿಳಿದು ಕೂಗಿದರು: “ನೀರಿನೋರು ಬಂದವ್ರೆ, ಎಲ್ಲ ಬನ್ರೋ!”

ಟ್ಯಾಂಕರ್ ಬಂತೆಂದುಕೊಂಡು ಬೀದಿಗೆ ಬೀದಿಯೇ ಕೊಡ ಹಿಡಿದು ಓಡಿಬಂತು. ಜನ ಇಂಜಿನಿಯರರ ಜೀಪಿನ ಸುತ್ತ ಕ್ಯೂ ನಿಂತು, “ಸಾರ್, ಪೈಪ್ ಎಲ್ಲಿ?” ಅಂದರು. ಜೀಪು ಅಲ್ಲಾಡುವಂತಿರಲಿಲ್ಲ. ಇಂಜಿನಿಯರ್ ಅಲ್ಲೇ ಕೂತು ಫೋನ್ ಮಾಡಿ ವಾಲ್ವ್ ತೆಗೆಸಿ ನೀರು ಬಿಡಿಸಿದರು.

ನಿಮ್ಮ ಕೆಲಸ ಹಾಳಾದರೆ ಯಾರೂ ಕೊಡ ಹಿಡಿದು ಬರುವುದಿಲ್ಲ. ಮುಟ್ಟಬಾರದ್ದೇನು ಎಂದು ಇವತ್ತೇ ಒಂದು ಫೈಲಿನಲ್ಲಿ ಬರೆದಿಡಿ. ಎಐ ನೆನಪು ಕುಗ್ಗಿದಾಗಲೆಲ್ಲ ಅದನ್ನು ಓದಿಸಿ. ಏನು ಅರ್ಥವಾಯಿತೆಂದು ಅದರ ಬಾಯಲ್ಲೇ ಹೇಳಿಸಿ. ಆಮೇಲೆ ಕೋಡ್ ಮುಟ್ಟಲು ಬಿಡಿ.