ಕೊಂಡವಾಡ ಗಾರ್ಡನ್ನಿನ ನೊಂದ ನಾಗರಿಕರು

ಅಮಸಿದ್ದನ ನಿದ್ದೆ ಹೋದದ್ದು ಒಂದು ಟ್ಯೂಬ್‌ಲೈಟಿನಿಂದ.

ಅವನ ಊರಿನ ಹೆಸರು ಬೇಡ. ಬಾಗೇವಾಡಿಯಿಂದ ತಾಳಿಕೋಟೆಗೆ ಹೋಗುವ ಬಸ್ಸು ಅಲ್ಲಿ ಹತ್ತು ನಿಮಿಷ ನಿಲ್ಲುತ್ತದೆ ಎಂದರೆ ಸಾಕು. ಆ ಊರಿನ ಪುರಸಭೆಯಲ್ಲಿ ಅವನು ಆವಕ-ಜಾವಕ ಕಾರಕೂನ. ಬಂದ ಕಾಗದಕ್ಕೆ ‘ತಲುಪಿದೆ’ ಎಂದು ಶಿಕ್ಕಾ ಹೊಡೆಯುವುದು, ಹೋಗುವ ಕಾಗದಕ್ಕೆ ‘ರವಾನಿಸಿದೆ’ ಎಂದು ಶಿಕ್ಕಾ ಹೊಡೆಯುವುದು. ನಡುವೆ ಆ ಕಾಗದದ ಗತಿ ಏನಾಯಿತೆಂದು ಅವನು ಯಾವತ್ತೂ ಕೇಳಿದವನಲ್ಲ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದು ಆರು ತಿಂಗಳಾಗಿದ್ದರೂ ಅವನ ಶಿಕ್ಕಾದಲ್ಲಿ ಇನ್ನೂ ಮೈಸೂರು ರಾಜ್ಯವೇ ನಡೆಯುತ್ತಿತ್ತು.

ಅವನ ಮನೆಯ ಗೋಡೆಗೆ ಹತ್ತಿ ಮೊದಲು ಕೊಂಡವಾಡವಿತ್ತು, ಬಿಡಾಡಿ ದನಗಳನ್ನು ಹಿಡಿದು ಕೂಡಿಹಾಕುವ ಜಾಗ. ದನಗಳು ಸಂಜೆ ಒಂದೆರಡು ಸಲ ಒದರಿ, ಬಿಡಿಸಿಕೊಳ್ಳಲು ಯಾರೂ ಬರುವುದಿಲ್ಲವೆಂದು ತಿಳಿದು ಮಲಗಿಬಿಡುತ್ತಿದ್ದವು. ಪುರಸಭೆಯ ಅಧ್ಯಕ್ಷರಾದ ರಾವಸಾಬ ಅವರು ಆ ವರ್ಷ ಯುಗಾದಿಗೆ ಅದನ್ನು ಗಾರ್ಡನ್ ಮಾಡಿಸಿದರು. ನಾಲ್ಕು ಸಿಮೆಂಟಿನ ಬೆಂಚು, ಆರು ದಾಸವಾಳದ ಗಿಡ, ನಡುವೆ ಕಂಬದ ಮೇಲೊಂದು ಟ್ಯೂಬ್‌ಲೈಟು. ಗಿಡಗಳನ್ನು ಹಳೆಯ ರೂಢಿಯ ಮೇಲೆ ಬಂದ ದನಗಳು ವಾರದಲ್ಲೇ ತಿಂದು ಹೋದವು. ಉಳಿದದ್ದು ಬೆಂಚು ಮತ್ತು ಬೆಳಕು.

ಬೆಳಕಿಗೆ ಹುಳ ಮುತ್ತುವಂತೆ ಊರ ಗಂಡಸರು ಮುತ್ತಿದರು. ಎಂಟಕ್ಕೆ ಬಾಬುಲಾಲನ ಮಿರ್ಚಿ ಭಜಿಯ ಗಾಡಿ ಬಂದು ನಿಲ್ಲುತ್ತಿತ್ತು. ಎಂಟೂವರೆಗೆ ಇಸ್ಪೀಟು. ಒಂಬತ್ತಕ್ಕೆ ಪೇಟಿ ಮಾಸ್ತರ ಬಂದಗಿಸಾಬ ತನ್ನ ಹಾರ್ಮೋನಿಯಂ ಪೇಟಿ, ಒಂದು ಜೋಡಿ ತಬಲಾ, ಎಂಟು ಜನ ಪಾತ್ರಧಾರಿಗಳೊಂದಿಗೆ ಬಂದು ಕಾರಹುಣ್ಣಿಮೆಯ ನಾಟಕದ ತಾಲೀಮು ಸುರು ಮಾಡಿದರೆ ಮುಗಿಯುವುದು ರಾತ್ರಿ ಒಂದಕ್ಕೆ. ರಾಜನ ಪಾತ್ರದವನಿಗೆ ಮಾತು ನೆನಪಿರುತ್ತಿರಲಿಲ್ಲ. ಧ್ವನಿ ಮಾತ್ರ ಭರ್ಜರಿ. “ಯಾರಲ್ಲಿ!” ಎಂದು ಅವನು ಗರ್ಜಿಸಿದಾಗಲೆಲ್ಲ, ಗೋಡೆಯ ಈಚೆ ಅಂಗಳದ ಹೊರಸಿನ ಮೇಲೆ ಮಲಗಿದ್ದ ಅಮಸಿದ್ದ ತನ್ನನ್ನೇ ಕರೆದಂತೆ ಎದ್ದು ಕೂರುತ್ತಿದ್ದ.

ಇಪ್ಪತ್ತೆರಡು ರಾತ್ರಿ ಹೀಗೆ ಕಳೆದವು. ಹಗಲು ಆಫೀಸಿನಲ್ಲಿ ಅವನ ತಲೆ ಎಣ್ಣೆ ತೀರಿದ ದೀಪದಂತೆ ತೂಗತೊಡಗಿತು. ಜನನದ ದಾಖಲೆ ಕೇಳಲು ಕೈ ಚಾಚಿ ನಿಂತಿದ್ದ ಒಬ್ಬ ಮುದುಕನ ಅಂಗೈಗೇ ‘ತಲುಪಿದೆ’ ಎಂದು ಶಿಕ್ಕಾ ಹೊಡೆದ ದಿನ ಮುಖ್ಯಾಧಿಕಾರಿ ಕರೆದು ಹೇಳಿದರು:

“ಇನ್ನೊಂದ ಸಲ ನಿದ್ದಿ ಮಾಡೂದು ಕಂಡ್ರ ಸೀದಾ ಮನಿಗೆ ಕಳಸ್ತೇನಿ.”

ಮನೆಗೆ ಕಳಿಸಿದರೂ ನಿದ್ದೆ ಸಿಗುವುದಿಲ್ಲವಲ್ಲ ಎಂದು ಅಮಸಿದ್ದನಿಗೆ ಅಳು ಬಂತು. ಅಂದೇ ರಾತ್ರಿ ಅವನು ಅರ್ಜಿ ಬರೆದ. ಹೆಸರು ಹಾಕಲು ಧೈರ್ಯವಿಲ್ಲ. ಹಾಡುವವರೆಲ್ಲ ಓಣಿಯವರು, ಗಾರ್ಡನ್ ಅಧ್ಯಕ್ಷರ ಹೆಮ್ಮೆ. ಆದ್ದರಿಂದ ಎಡಗೈಯಲ್ಲಿ ಬರೆದ.

‘ಮಾನ್ಯ ಅಧ್ಯಕ್ಷರೇ, ಗಾರ್ಡನ್ನಿನ ಘದ್ದಲದಿಂದ ನಮಗೆ ನಿದ್ದೆ ಇಲ್ಲ. ರಾತ್ರಿ ಒಂಬತ್ತಕ್ಕೆ ಗೇಟು ಹಾಕಿಸಬೇಕು. ಆಗದಿದ್ದರೆ ದನಗಳನ್ನು ತಿರುಗಿ ತಂದು ಕಟ್ಟಬೇಕು. ಅವು ಮರ್ಯಾದೆಯಿಂದ ಇದ್ದವು. ಇಂತಿ, ನೊಂದ ನಾಗರಿಕ.’

ಒಬ್ಬನೇ ನೊಂದರೆ ಯಾರು ಕೇಳುತ್ತಾರೆ ಎನಿಸಿ, ಕೊನೆಗೆ ಒಂದು ‘ರು’ ಸೇರಿಸಿದ.

ನಸುಕಿನಲ್ಲಿ ಕಂಬಳಿ ಹೊದ್ದು ಹೋಗಿ ಪುರಸಭೆಯ ತಕರಾರು ಪೆಟ್ಟಿಗೆಯಲ್ಲಿ ಹಾಕಿ ಬಂದ. ಹತ್ತೂವರೆಗೆ ಆ ಪೆಟ್ಟಿಗೆಯ ಕೀಲಿ ತೆಗೆದವನೂ ಅವನೇ, ಅರ್ಜಿಗೆ ನಂಬರು ಕೊಟ್ಟು ಶಿಕ್ಕಾ ಹೊಡೆದವನೂ ಅವನೇ. ನೌಕರಿಗೆ ಸೇರಿದ ಮೇಲೆ ಇಷ್ಟು ಪ್ರೀತಿಯಿಂದ ಅವನು ಯಾವ ಕಾಗದಕ್ಕೂ ಶಿಕ್ಕಾ ಹೊಡೆದಿರಲಿಲ್ಲ.

ಹನ್ನೊಂದಕ್ಕೆ ಅಧ್ಯಕ್ಷರು ಬಂದು ಓದಿದರು. ಗೇಟಿನ ಮಾತಿಗೆ ಅವರಿಗೆ ಏನೂ ಅನಿಸಲಿಲ್ಲ. ದನದ ಮಾತಿಗೆ ಮುಖ ಮಿರ್ಚಿಯಾಯಿತು.

“ದನಾ ತಿರಗಿ ತರಬೇಕಂತ! ಡಿಸಿ ಸಾಹೇಬ್ರ ಕೈಲೆ ರಿಬ್ಬನ್ ಕತ್ತರಿಸಿದ ಗಾರ್ಡನ್ನಾಗ ದನಾ ಕಟ್ಟಬೇಕಂತ! ಯಾಂವ ಇಂವ?”

“ಹೆಸರ ಇಲ್ರಿ,” ಎಂದ ಅಮಸಿದ್ದ, ಗೋಡೆ ನೋಡುತ್ತ.

“ಅದಕ್ಕ ಕರದೇನಿ ನಿನ್ನ. ನಿನ್ನ ಮನಿ ಅಲ್ಲೇ ಐತಿ, ಓಣ್ಯಾವ್ರು ಎಲ್ಲಾರೂ ಗೊತ್ತದಾರ. ನೀ ಸಾದಾ ಮನಶ್ಯಾ, ನಿನ್ನ ಮ್ಯಾಲ ಯಾರೂ ಸಂಶೇ ಪಡೂದಿಲ್ಲ. ಐದ ಗಂಟೆಕ್ಕ ಗಾರ್ಡನ್ನಾಗ ಸಭಾ ಇಡ್ತೇನಿ. ಅಷ್ಟರಾಗ ಆ ಮಗಾ ಯಾರಂತ ಹುಡುಕಿ ತಂದ ನಿಲ್ಲಸು.”

ಹೀಗೆ ಅಮಸಿದ್ದ ತನ್ನನ್ನು ಹುಡುಕಲು ತಾನೇ ಹೊರಟ.

ಮೊದಲು ಬಾಬುಲಾಲನ ಗಾಡಿ. ಹಗಲಲ್ಲಿ ಅದು ಬಸ್‌ಸ್ಟ್ಯಾಂಡಿನಲ್ಲಿರುತ್ತಿತ್ತು. ಸುದ್ದಿ ಕೇಳಿ ಬಾಬುಲಾಲ ಭಜಿ ಕರಿಯುವ ಜಾಲರಿಯನ್ನು ಕತ್ತಿಯಂತೆ ಎತ್ತಿದ.

“ಒಂಬತ್ತಕ್ಕ ಗೇಟ್ ಹಾಕಿದ್ರ ನನ್ನ ಭಜಿ ತಿನ್ನಾವ್ರು ಯಾರ್ರೀ ಸಾಹೇಬ್ರ? ಆ ಅರ್ಜಿ ಬರದಾಂವನ್ನ ತೋರಿಸ್ರಿ, ಹಿಟ್ಟಿನ್ಯಾಗ ಅದ್ದಿ ಬಾಣಲಿಗೆ ಬಿಡ್ತೇನಿ!”

ಕಾದ ಎಣ್ಣೆಯಿಂದ ಅಮಸಿದ್ದ ಎರಡು ಹೆಜ್ಜೆ ಹಿಂದೆ ಸರಿದ.

“ಮಲ್ಲಣ್ಣ ಮಾಸ್ತರ್ದ ಕೆಲಸಾ ಇದು,” ಎಂದು ಬಾಬುಲಾಲ ದನಿ ತಗ್ಗಿಸಿದ. “ಕೆಲಸಿಲ್ಲದ ಮನಶ್ಯಾ, ಬರಕೋಂತ ಕುಂತಿರ್ತಾನ.”

ಮಲ್ಲಣ್ಣ ಮಾಸ್ತರರು ರಿಟಾಯರ್ ಆಗಿ ನಾಲ್ಕು ವರ್ಷವಾಗಿತ್ತು; ಕೆಂಪು ಶಾಯಿಯ ಪೆನ್ನು ಮಾತ್ರ ಇನ್ನೂ ನೌಕರಿಯಲ್ಲಿತ್ತು. ಅರ್ಜಿಯನ್ನು ಕೈಗೆ ತೆಗೆದುಕೊಂಡವರೇ ‘ಘದ್ದಲ’ದ ಸುತ್ತ ಒಂದು ಸುತ್ತು ಹಾಕಿದರು.

“ಗದ್ದಲಕ್ಕ ಘ ಯಾಕ ಬೇಕೋ? ಗದ್ದಲ ದೊಡ್ಡದ ಐತಿ ಅಂತ ಅಕ್ಷರಾನೂ ದೊಡ್ಡದ ಹಾಕ್ಯಾನೇನ? ಹತ್ತಕ್ಕ ನಾಕ ಮಾರ್ಕ. ಇದು ನನ್ನ ಕೈಯಾಗ ಕಲತಾಂವಂದ. ನೀನೂ ನಾಕನೇತ್ತಿಯಾಗ ಹಿಂಗ ಬರೀತಿದ್ದಿ, ನೆನಪೈತಿ?”

“ಎಲ್ಲಾರೂ ಹಂಗ ಬರೀತಿದ್ರರಿ ಮಾಸ್ತರ,” ಎಂದು ಅರ್ಜಿಯನ್ನು ಕಸಿದುಕೊಂಡು ಅಮಸಿದ್ದ ಓಣಿಗೆ ಇಳಿದ. ಬೆವರು ಬೆನ್ನಿನಲ್ಲಿ ಕಾಲುವೆಯಾಗಿತ್ತು.

ಅವನ ಮನೆಯ ಎದುರಿನ ಕಟ್ಟೆಯ ಮೇಲೆ ಹುಚ್ಚವ್ವ ಕೂತಿದ್ದಳು. ಊರಿಗೆ ಪೇಪರು ಬಿಜಾಪುರದಿಂದ ಮಧ್ಯಾಹ್ನದ ಬಸ್ಸಿಗೆ ಬರುತ್ತಿತ್ತು. ಹುಚ್ಚವ್ವ ಊರ ಸುದ್ದಿ ಹೊತ್ತು ಬೆಳಿಗ್ಗೆಯೇ ಹೊರಡುತ್ತಿದ್ದಳು.

“ನಾ ನೋಡೇನಿ ತಮ್ಮಾ,” ಎಂದಳು. “ನಸಕಿನ್ಯಾಗ ಕಂಬಳಿ ಹೊತಗೊಂಡ ಒಬ್ಬಾಂವ ಪುರಸಭಾದ ಕಡೆ ಹೋದ. ಮಕಾ ಕಾಣಲಿಲ್ಲ. ನಡಿಗಿ ಮಾತ್ರ…” ಅವಳು ಅಮಸಿದ್ದನ ಕಾಲುಗಳನ್ನೇ ನೋಡತೊಡಗಿದಳು. “ಎಲ್ಲಿ, ಆ ಗಿಡದ ತನಕ ಒಂದೀಟ ನಡದ ತೋರಸು.”

ಅಮಸಿದ್ದನ ಕಾಲು ನೆಲಕ್ಕೆ ಅಂಟಿದವು. ಬಾಯಿಗೆ ಮೊದಲು ಸಿಕ್ಕ ಸುಳ್ಳನ್ನು ಹೇಳಿಬಿಟ್ಟ.

“ಬೈಯಾಕ ಹುಡಕಾಕತ್ತಿಲ್ಲ ಯವ್ವಾ. ಅಧ್ಯಕ್ಷರು ಖುಷಿ ಆಗ್ಯಾರ. ಇಂಥಾ ಧೈರ್ಯದ ಮನಶ್ಯಾಗ ಗಾರ್ಡನ್ ಕಮಿಟಿ ಚೇರಮನ್ ಮಾಡತಾರಂತ.”

ಹುಚ್ಚವ್ವ ಕಾಲು ನೋಡುವುದನ್ನು ಬಿಟ್ಟಳು. ಕಟ್ಟೆಯಿಂದ ಇಳಿದಳು. ಸೆರಗು ಸಿಕ್ಕಿಸಿಕೊಂಡು ಓಣಿಯ ಮೂಲೆ ತಿರುಗಿದಳು. ಪಾರಾದೆ ಎಂದುಕೊಂಡ ಅಮಸಿದ್ದ.

ಊಟಕ್ಕೆಂದು ಮನೆಗೆ ಬಂದರೆ ಹೆಂಡತಿ ರೇವವ್ವ ರೊಟ್ಟಿ ಬಡಿಯುವ ಬದಲು ಅವನ ಮೇಲೆ ಸಿಟ್ಟು ಬಡಿಯಲು ಕಾದಿದ್ದಳು.

“ಓಣಿ ಮಂದೆಲ್ಲಾ ಅರ್ಜಿ ಬರದಾರ. ಮಲ್ಲಣ್ಣ ಮಾಸ್ತರು ಬರದಾರಂತ, ಮೂಲಿಮನಿ ಸೋಮನಿಂಗ ಬರದಾನಂತ, ಬರದಾಂವಗ ಚೇರಮನ್ ಮಾಡತಾರಂತ. ನೀವು? ದಿನಾ ರಾತ್ರಿ ಹೊರಸಿನ ಮ್ಯಾಲ ಎದ್ದ ಕುಂದರ್ತೀರಿ, ಹಗಲಿ ಬಾಯಿ ಮುಚಗೊಂಡ ತಿರಗತೀರಿ. ಒಂದ ಕಾಗದಾ ಬರಿಯೂ ಗಂಡಸ್ತನಾ ಇಲ್ಲೇನ್ರಿ ನಿಮಗ?”

ಅಮಸಿದ್ದ ಬಾಯಿ ತೆರೆದ. ರೇವವ್ವನ ಕಿವಿಗೆ ಹೋದದ್ದು ಹುಚ್ಚವ್ವನ ಬಾಯಿಂದ ಬರುವುದಕ್ಕೆ ಎಷ್ಟು ಹೊತ್ತು ಬೇಕೆಂದು ನೆನೆದು, ತೆರೆದ ಬಾಯಿಗೆ ರೊಟ್ಟಿ ತುಂಬಿಕೊಂಡ.

ಮೂರು ಗಂಟೆಗೆ ಆಫೀಸಿಗೆ ಹೋದಾಗ ಬಾಗಿಲಲ್ಲಿ ಪಾಳಿ ಹಚ್ಚಿ ಹನ್ನೊಂದು ಜನ ನಿಂತಿದ್ದರು. ಎಲ್ಲರೂ ನೊಂದ ನಾಗರಿಕರು.

ಎಲ್ಲರಿಗಿಂತ ಮುಂದೆ ಮಲ್ಲಣ್ಣ ಮಾಸ್ತರರು. “ಆ ತಪ್ಪ ನಾ ಬೇಕಂತನ ಮಾಡೇನಿ. ಶುದ್ಧ ಬರದಿದ್ರ ಮಲ್ಲಣ್ಣ ಮಾಸ್ತರಂತ ಊರಿಗೇ ಗೊತ್ತಾಗತಿತ್ತು.” ಹಿಂದೆ ಸೋಮನಿಂಗ. ಅವನ ಹಿಂದೆ ಹುಚ್ಚವ್ವ. ಅಕ್ಷರ ಬಾರದಿದ್ದರೂ, “ಹೇಳಿದಾಕಿ ನಾನು, ಬರದಾಂವ ಯಾವನರ ಇರಲಿ” ಎಂಬುದು ಅವಳ ವಾದ. ಬಾಬುಲಾಲನೂ ಇದ್ದ. “ಭಜಿ ಕರದ ಕರದ ನನಗೂ ಸಾಕಾಗೇತ್ರಿ, ಒಂಬತ್ತಕ್ಕ ಮನಿಗೆ ಹೋಗಬೇಕಂತ ನಾನ ಬರದೇನಿ.” ಎಲ್ಲರ ಕೊನೆಗೆ ಬಗಲಲ್ಲಿ ಪೇಟಿ ಹಿಡಿದು ಬಂದಗಿಸಾಬ.

“ಮಾಸ್ತರ, ನೀವೂ?” ಎಂದ ಅಮಸಿದ್ದ. “ಗದ್ದಲಾ ಮಾಡಾವ್ರ ನೀವಲ್ರೀ?”

“ಹೌದ್ರಿ. ಆ ರಾಜನ ಪಾಲ್ಟಿನಾಂವನ ಬಾಜೂಕ ಕುಂದರಾಂವ ನಾನು,” ಎಂದ ಬಂದಗಿಸಾಬ ಬಹಳ ನೋವಿನಿಂದ. “ನನ್ನಕಿಂತಾ ನೊಂದಾಂವ ಯಾರದಾರ, ಹೇಳ್ರಿ ನೋಡೂಣು.”

ಅಧ್ಯಕ್ಷರು ಒಬ್ಬೊಬ್ಬರಿಂದಲೂ ಎರಡೆರಡು ಸಾಲು ಎಡಗೈಯಲ್ಲಿ ಬರೆಸಿ ನೋಡಿದರು. ಎಡಗೈಯಲ್ಲಿ ಬರೆದರೆ ಇಡೀ ಊರಿನ ಅಕ್ಷರ ಒಂದೇ ಎಂಬುದು ಅಂದು ಅವರಿಗೆ ತಿಳಿಯಿತು. ಎಲ್ಲವೂ ಮಸಿಯಲ್ಲಿ ಬಿದ್ದ ಇರುವೆಯ ಹೆಜ್ಜೆ. ಆದರೆ ಅವರು ಸುಮ್ಮನೆ ಅಧ್ಯಕ್ಷರಾದವರಲ್ಲ. ಹನ್ನೊಂದು ಮಂದಿ, ಹನ್ನೊಂದು ಮನೆ, ಮನೆಗೆ ಐದಾರು ಮತ; ಚುನಾವಣೆಗೆ ಇನ್ನು ಎಂಟೇ ತಿಂಗಳು. ಅರ್ಜಿಯನ್ನು ಮತ್ತೊಮ್ಮೆ ನೋಡಿದರು. ನಾಗರಿಕ‘ರು’ ಎಂದೇ ಇತ್ತು. ಬೆಳಗಿನ ಸಿಟ್ಟು ಎಲ್ಲಿ ಹೋಯಿತೋ, ಐದು ಗಂಟೆಗೆ ಗಾರ್ಡನ್ನಿನ ಬೆಂಚಿನ ಮೇಲೆ ನಿಂತಾಗ ಅವರ ದನಿಯಲ್ಲಿ ಬೆಣ್ಣೆ ಇತ್ತು.

“ಬಾಂಧವರ, ಜನರ ನಿದ್ದಿ ನಮ್ಮ ನಿದ್ದಿ! ಇವತ್ತಿನಿಂದ ರಾತ್ರಿ ಒಂಬತ್ತಕ್ಕ ಈ ಗಾರ್ಡನ್ನಿಗೆ ಗೇಟ್ ಬಂದ್. ತಾಲೀಮ ಇಲ್ಲ, ಇಸ್ಪೀಟ ಇಲ್ಲ, ಭಜಿ ಇಲ್ಲ. ಠರಾವ ಬರಕೋ ಅಮಸಿದ್ದ.”

ಅಮಸಿದ್ದ ಬೆಂಚಿನ ಬುಡದಲ್ಲಿ ಕೂತು ಬರೆಯತೊಡಗಿದ. ದಿನವಿಡೀ ತಲೆ ಮೇಲೆ ತೂಗುತ್ತಿದ್ದ ಕಲ್ಲು ಹೂವಾಗಿ ಬಿದ್ದಿತ್ತು. ತಾನೂ ಉಳಿದ, ನಿದ್ದೆಯೂ ಉಳಿಯಿತು. ಬರೆಯುತ್ತ ಬರೆಯುತ್ತಲೇ ಅವನಿಗೆ ಹೊರಸು, ಕೌದಿ, ತಲೆದಿಂಬು ಕಾಣಿಸತೊಡಗಿದವು. ಒಂದು ಆಕಳಿಕೆಯನ್ನೂ ಭಕ್ತಿಯಿಂದ ನುಂಗಿದ.

ಆಗ ಬಂದಗಿಸಾಬ ಎದ್ದು ನಿಂತ. “ಅಧ್ಯಕ್ಷರ, ಠರಾವ ಚಲೋ ಆತು. ಆದ್ರ ನಾಟಕಕ್ಕ ಇನ್ನ ಇಪ್ಪತ್ತ ದಿನಾ ಐತ್ರಿ. ನಾವು ಎಂಟ ಮಂದಿ ಪಾಲ್ಟಿನಾವ್ರು, ನಮ್ಮ ಮನಿ ಮಂದಿ, ನಾವೂ ಮತಾ ಹಾಕಾವ್ರರಿ. ನಮಗೊಂದ ಜಾಗಾ ತೋರಸ್ರಿ. ಬಯಲಾಗ ಪೇಟಿ ಧ್ವನಿ ಹಾರಿ ಹೋಗತೈತಿ, ನಾಕ ಗ್ವಾಡಿ ನಡುವ ಒಂದ ಅಂಗಳಾ ಇದ್ರ ಬರಾಬರಿ ಆಗತೈತಿ.”

ಅಧ್ಯಕ್ಷರು ಮೀಸೆ ತಿರುವಿದರು. “ಖರೆ. ನಿದ್ದಿ ಮಾಡಾವ್ರೂ ನಮ್ಮವರ, ಹಾಡಾವ್ರೂ ನಮ್ಮವರ. ಆದ್ರ ನೊಂದವರ ಮನಿಗೆ ನಿಮ್ಮನ್ನ ಕಳಸಾಕ ಬರೂದಿಲ್ಲ. ಗಾರ್ಡನ್ ಸುತ್ತ ಹತ್ತ ಮನಿ ಅದಾವ. ಹನ್ನೊಂದ ಮಂದ್ಯಾಗ ಇಬ್ಬರ ಮನಿ ದೂರ, ಉಳದ ಒಂಬತ್ತ ಮನ್ಯಾವ್ರು ಅರ್ಜಿ ಬರದೇವಿ ಅಂತ ಬಾಯ್ತುಂಬ ಒಪ್ಪಿಕೊಂಡಾರ.” ಅವರು ಸುತ್ತ ಕಣ್ಣಾಡಿಸಿ, ಬೆಂಚಿನ ಕೆಳಗೆ ನೋಡಿ, ಮುಖ ಅರಳಿಸಿದರು. “ಇಷ್ಟ ಮಂದಿ ತಕರಾರ ಮಾಡೂ ಓಣ್ಯಾಗ ಒಂದ ಮಾತ ಆಡದಾಂವ ಒಬ್ಬನ ಅದಾನ! ನಮ್ಮ ಅಮಸಿದ್ದ! ಅವನ ಅಂಗಳಾ ದೊಡ್ಡದ ಐತಿ, ಮನಸೂ ದೊಡ್ಡದ ಐತಿ. ಬರಕೋಪಾ, ನಿನ್ನ ಹೆಸರ ನೀನ ಬರಕೋ.”

ಚಪ್ಪಾಳೆ ಬಿತ್ತು.

ಅಮಸಿದ್ದನ ಪೆನ್ನು ಕೈಯಿಂದ ಜಾರಿತು. ಅವನು ಎದ್ದು ನಿಂತು ಕಿರುಚಿದ:

“ಅಧ್ಯಕ್ಷರ! ಆ ಅರ್ಜಿ ಬರದಾಂವ ನಾನರಿ! ದೇವರಾಣಿ ನಾನರಿ! ಎಡಗೈಲೆ ಬರದೇನ್ರಿ, ಕಂಬಳಿ ಹೊತಗೊಂಡ ಹಾಕಿ ಬಂದೇನ್ರಿ!”

ಸಭೆ ಹೊಟ್ಟೆ ಹಿಡಿದು ನಕ್ಕಿತು.

“ನೋಡಿದ್ರೇನ,” ಎಂದರು ಮಲ್ಲಣ್ಣ ಮಾಸ್ತರರು, “ಚೇರಮನ್ ಆಗೂ ಆಸೆ ಇವಗೂ ಹತ್ತಿತು!”

“ಹಗಲೆಲ್ಲಾ ಹುಡಿಕ್ಯಾಡಿದಾಂವ ನೀನ ಅಲ್ಲೇನು?” ಎಂದರು ಅಧ್ಯಕ್ಷರು ನಗುತ್ತ. “ಕುಂದರು, ಕುಂದರು. ಹನ್ನೊಂದ ಮಂದಿ ಸಾಕಪಾ, ಹನ್ನೆರಡನೇದಾಂವ ಬ್ಯಾಡ.”

ಹುಚ್ಚವ್ವನಾದರೂ ತನ್ನ ನಡಿಗೆಯ ಸಾಕ್ಷಿ ಹೇಳಿಯಾಳೆಂದು ಅಮಸಿದ್ದ ಅವಳ ಕಡೆ ದೀನನಾಗಿ ನೋಡಿದ. ತಾನೇ ನೊಂದವಳೆಂದು ಆಗಲೇ ಒಪ್ಪಿಕೊಂಡಿದ್ದ ಹುಚ್ಚವ್ವ ಆಕಾಶದಲ್ಲಿ ಹಾರುವ ಕೊಕ್ಕರೆ ಎಣಿಸುತ್ತಿದ್ದಳು.

ಠರಾವನ್ನು ಬರೆದು ಮುಗಿಸಿ, ಕಾಲೆಳೆಯುತ್ತ ಅವನು ಮನೆ ಸೇರುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂಚೆ ಸೇರಿತ್ತು. ರೇವವ್ವ ಅಂಗಳಕ್ಕೆ ನೀರು ಹೊಡೆದು ಜಮಖಾನ ಹಾಸಿದ್ದಳು. ಹೊರಸು ದನದ ಕೊಟ್ಟಿಗೆಗೆ ಹೋಗಿತ್ತು. ಇಪ್ಪತ್ತೆರಡು ದಿನ ಗೋಡೆಗೆ ಕಿವಿಯಿಟ್ಟು ಹಾಡು ಕೇಳಿದ ಅವಳ ಮುಖದಲ್ಲಿ, ಇನ್ನು ಕಣ್ಣಿಂದಲೂ ನೋಡಬಹುದೆಂಬ ಹಬ್ಬ.

“ನನಗೊಂದ ಮಾತ ಹೇಳಬಾರದೇನ್ರಿ?” ಎಂದಳು ಮೊದಲ ಸಲ ಪ್ರೀತಿಯಿಂದ. “ಓಣಿ ಹೆಣ್ಣ ಮಕ್ಕಳೆಲ್ಲಾ ಬರ್ತೇವಿ ಅಂದಾರ.”

ಅಷ್ಟರಲ್ಲಿ ಬಾಗಿಲಲ್ಲಿ ಬಂದಗಿಸಾಬ, ಅವನ ಹಿಂದೆ ತಬಲಾ, ಅದರ ಹಿಂದೆ ರಾಜ. ಇಸ್ಪೀಟಿನವರು ನೋಡಲೆಂದು ಬಂದಿದ್ದರು. ಬಾಬುಲಾಲ ತನ್ನ ಗಾಡಿಯನ್ನು ಸುಮ್ಮನೆ ಹತ್ತು ಹೆಜ್ಜೆ ಈಚೆಗೆ ತಳ್ಳಿಕೊಂಡು ಬಂದು ಅಮಸಿದ್ದನ ಹೊಸ್ತಿಲಿಗೆ ಹಚ್ಚಿ ನಿಲ್ಲಿಸಿದ.

ಅಮಸಿದ್ದ ಕೊನೆಯ ಆಸೆಯಿಂದ ಪೇಟಿ ಮಾಸ್ತರನ ಕೈ ಹಿಡಿದುಕೊಂಡ. “ಮಾಸ್ತರ, ಎಷ್ಟ ಗಂಟೆಕ್ಕ ಮುಗಸ್ತೀರಿ?”

“ಅಲ್ಲಿ ಒಂದಕ್ಕ ಮುಗಸ್ತಿದ್ದಿವ್ರಿ, ಮಂದಿಗೆ ತ್ರಾಸ ಆಗಬಾರದಂತ,” ಎಂದ ಬಂದಗಿಸಾಬ, ಜಮಖಾನದ ಮೇಲೆ ಪೇಟಿ ಇಳಿಸುತ್ತ. “ಇಲ್ಲೇನ ಬಿಡ್ರಿ, ನಮ್ಮ ಮನಿ ಇದ್ದಂಗ.”