ಹಂಚಿನ ಬೆನ್ನಿಗೆ ನಾಲ್ಕು ಕೋಟಿಂಗ್

ಲೀಲಾಬಾಯಿ ಬೈದಿದ್ದರೆ ಶಂಕರೆಪ್ಪನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಹೆಂಡತಿಯ ಬೈಗುಳವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವ ವಿದ್ಯೆಯಲ್ಲಿ ಅವನು ಎಂದೋ ಪಾರಂಗತನಾಗಿದ್ದ. ಆದರೆ ಈ ಸಲ ಅವಳು ಬೈಯಲೇ ಇಲ್ಲ.

ಎಲ್ಲಕ್ಕೂ ಮೂಲ ಅವನ ಹಳೆಯ ವ್ಯಾನು. ಸೊಲ್ಲಾಪುರದ ವಿಜಾಪುರ ರಸ್ತೆಯಲ್ಲಿ ಶಂಕರೆಪ್ಪನದು ಚಾದರದ ಅಂಗಡಿ. ಚಾದರದ ಗಂಟು ಹೊತ್ತು ಅಕ್ಕಲಕೋಟದ ಸಂತೆಗೆ ಓಡಾಡಿ ಓಡಾಡಿ ವ್ಯಾನಿನ ಹೊಟ್ಟೆಯ ಕೆಳಗೆಲ್ಲ ತುಕ್ಕು ಕಾಣಿಸಿಕೊಂಡಿತ್ತು.

"ಮಳಿ ಬರೂಕಿಂತ ಮೊದಲ ತಳಕ್ಕ ಕೋಟಿಂಗ್ ಹೊಡಸ್ರಿ ಸಾವ್ಕಾರ್ರ. ಇಲ್ಲಾಂದ್ರ ಒಂದಿನ ಸೀಟಿನ ಸಮೇತ ರಸ್ತಾದಾಗ ಕುಂದರ್ತೀರಿ," ಎಂದ ಗ್ಯಾರೇಜಿನ ಗುರುಶಾಂತ. ರಬ್ಬರಿನದು, ಮೇಣದ್ದು, ಡಾಂಬರಿನದು, ಝಿಂಕಿನದು ಎಂದು ನಾಲ್ಕು ಡಬ್ಬಿಗಳನ್ನು ಮುಂದಿಟ್ಟ.

"ಇದರಾಗ ಯಾವುದು ಛಲೋ?"

"ಎಲ್ಲಾ ಛಲೋನ ಅದಾವ್ರಿ. ಬೇಕಾದ್ರ ಈ ತಗಡಿನ ತುಂಡಿಗಿ ಹಚ್ಚಿ ನೋಡ್ರಿ."

ಶಂಕರೆಪ್ಪ ನಕ್ಕ. ಮಾರುವವನು ಕೊಟ್ಟ ತುಂಡಿನ ಮೇಲೆ ಪರೀಕ್ಷೆ ನಡೆಸುವಷ್ಟು ಎಳಸಲ್ಲ ಅವನು. (ಬಣ್ಣ ಬಿಡುತ್ತದೋ ನೋಡಿ ಎಂದು ಗಿರಾಕಿಗಳ ಎದುರು ಅವನು ನೀರಿಗೆ ಅದ್ದಿ ತೋರಿಸುತ್ತಿದ್ದ ಚಾದರ ವರ್ಷಗಳಿಂದ ಅದೊಂದೇ. ಬಿಡಬೇಕಾದ ಬಣ್ಣವನ್ನೆಲ್ಲ ಅದು ಎಂದೋ ಬಿಟ್ಟಾಗಿತ್ತು.) ಕಬ್ಬಿಣ ತನ್ನ ಮನೆಯದೇ ಆಗಬೇಕು ಎಂದು ಹಟ ಹಿಡಿದ.

ಲೀಲಾಬಾಯಿ ಆಗ ತವರೂರು ವಾಗದರಿಗೆ ಹೋಗಿದ್ದಳು. ಅಡುಗೆಮನೆ ಜಾಲಾಡಿದಾಗ ಸಿಕ್ಕಿದ್ದು ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು. ಅತ್ತೆ ದ್ರೌಪದಿಬಾಯಿ ತನ್ನ ಒಲೆಯ ಮೇಲಿಂದಲೇ ಎತ್ತಿ ಮಗಳ ಮದುವೆಯಲ್ಲಿ ಕೊಟ್ಟದ್ದು. ಎರಡೂ ಬದಿ ಕರಿ ಹಿಡಿದು ಮಿಂಚುತ್ತಿತ್ತು. ಇಂಥ ಹೊಲಸಿನ ಮೇಲೆ ಪಾಪ ಹೇಗೆ ರೊಟ್ಟಿ ಬೇಯಿಸುತ್ತಾಳೋ ಎಂದು ಶಂಕರೆಪ್ಪನಿಗೆ ಹೆಂಡತಿಯ ಮೇಲೆ ಕರುಣೆ ಉಕ್ಕಿತು. ವ್ಯಾನಿನ ಕೆಲಸವೂ ಆದೀತು, ಪತ್ನಿಸೇವೆಯೂ ಆದೀತು!

ಗ್ಯಾರೇಜಿನ ಗ್ರೈಂಡರಿನಲ್ಲಿ ಉಜ್ಜಿಸಿದ ಮೇಲೆ ಹಂಚು ಮುಖ ಕಾಣುವಷ್ಟು ಬೆಳ್ಳಗಾಯಿತು. ಅದರ ಬೆನ್ನ ಮೇಲೆ ಸುಣ್ಣದ ಗೆರೆ ಎಳೆದು, ನಾಲ್ಕು ಭಾಗಕ್ಕೆ ನಾಲ್ಕು ಕೋಟಿಂಗ್ ಬಳಿದು, ಒಣಗಿಸಿ, ಉಪ್ಪುನೀರಿನ ಬಕೇಟಿನಲ್ಲಿ ಮುಳುಗಿಸಿಟ್ಟ. ಖಾನಾವಳಿಯಲ್ಲಿ ಉಣ್ಣುತ್ತ, ಬಂದು ಬಂದು ಬಕೇಟಿಗೆ ಇಣುಕುತ್ತ ಮಹಾತಪಸ್ವಿಯಂತೆ ಕಾದ. ಮೂರು ಕೋಟಿಂಗ್ ಗುಳ್ಳೆ ಎದ್ದವು, ಝಿಂಕ್ ಗೆದ್ದಿತು. ವ್ಯಾನಿಗೆ ಅದನ್ನೇ ಹೊಡೆಸಿದ. ಹಂಚನ್ನು ಮತ್ತೊಮ್ಮೆ ಉಜ್ಜಿಸಿ ಒಲೆಯ ಮೇಲಿಟ್ಟು ಹೆಂಡತಿಯ ಶಹಬ್ಬಾಸ್‌ಗಾಗಿ ಕಾದು ಕುಳಿತ.

ಊರಿಂದ ಬಂದ ಲೀಲಾಬಾಯಿ ಒಲೆಯ ಮುಂದೆ ನಿಂತೇ ಬಿಟ್ಟಳು.

"ಇದಕ್ಕ ಏನಾತ್ರಿ?"

"ಸ್ವಚ್ಛ ಮಾಡಿಸೀನಿ! ಎಷ್ಟ ಹೊಲಸ ಹಿಡದಿತ್ತು ಗೊತ್ತೇನು?"

"ಹೊಲಸಲ್ರಿ ಅದು, ಎಣ್ಣಿ. ಮೊದಲ ನಮ್ಮವ್ವ ಹಚ್ಚಿದ್ದು, ಆಮ್ಯಾಗ ನಾ ಹಚ್ಚಿದ್ದು. ಇಷ್ಟ ವರ್ಷದಾಗ ಒಂದ ಸಲನರೆ ಇದಕ್ಕ ಜಂಗ ಹಿಡದಿದ್ದು ನೋಡೀರೇನು?"

ನೋಡಿರಲಿಲ್ಲ. ನೋಡಿದ್ದು ಈಗಲೇ. ಬೆಳ್ಳಗಿನ ಹಂಚಿನ ಮೇಲೆ ಆಗಲೇ ಕೆಂಪು ತುಕ್ಕಿನ ಚುಕ್ಕೆಗಳು ಎದ್ದಿದ್ದವು. ತುಕ್ಕು ಹಿಡಿಯಗೊಡದ ಲೇಪ ಯಾವುದೆಂದು ಹುಡುಕಹೊರಟವನು ಮನೆಯಲ್ಲೇ ಇದ್ದ ಲೇಪವನ್ನು ಕೈಯಾರೆ ಕೆರೆದು ಹಾಕಿದ್ದ.

"ಹೊಸಾದು ತರ್ತೀನಿ ತಗೋ," ಎಂದ ಮೆಲ್ಲಗೆ.

"ಹಂಚ ತರ್ತೀರಿ. ನಮ್ಮವ್ವ ಹಚ್ಚಿದ ಎಣ್ಣಿ?"

ಅಷ್ಟೇ ಅಂದಳು. ಅರ್ಧ ಉಳ್ಳಾಗಡ್ಡಿಯನ್ನು ಎಣ್ಣೆಗೆ ಅದ್ದಿ ಹಂಚಿಗೆ ತಿಕ್ಕುತ್ತ ಕುಳಿತಳು. ತಾನು ಮಾಡಿದ್ದು ಎಂಥ ಕೆಲಸವೆಂದು ಶಂಕರೆಪ್ಪನಿಗೆ ಅವಳ ಬೆನ್ನು ನೋಡುತ್ತ ತಿಳಿಯಿತು.

ಕಣ್ಣು ತೋರಿಸಿಕೊಳ್ಳಲು ದ್ರೌಪದಿಬಾಯಿ ಸೊಲ್ಲಾಪುರಕ್ಕೆ ಬರುವ ಹೊತ್ತಿಗೆ ಹಂಚು ಇನ್ನೂ ಹದಕ್ಕೆ ಬಂದಿರಲಿಲ್ಲ. ವಾಗದರಿಯಿಂದ ಶಂಕರೆಪ್ಪನೇ ಅತ್ತೆಯನ್ನು ವ್ಯಾನಿನಲ್ಲಿ ಕರೆತಂದ. ಊಟಕ್ಕೆ ಕುಳಿತರೆ ರೊಟ್ಟಿಗಳು ಹಂಚಿಗೆ ಕಚ್ಚಿ ಚೂರುಚೂರಾಗಿ ಬರುತ್ತಿದ್ದವು. ಮುದುಕಿ ಒಂದು ಚೂರನ್ನು ಎತ್ತಿ ಹಿಡಿದಳು.

"ಏನವಾ ಲೀಲಾ, ಇದು ರೊಟ್ಟಿಯೇನು? ಹಂಚಿಗಿ ಎಣ್ಣಿ ತೋರ್ಸೂದು ಬಿಟ್ಟೀಯೇನು?"

"ಅತ್ತಿ, ಅದು..." ಎಂದು ಶಂಕರೆಪ್ಪ ಬಾಯಿ ತೆರೆದ.

ಲೀಲಾಬಾಯಿ ಅವನ ತಾಟಿಗೆ ಪಲ್ಯ ಹಾಕುತ್ತ ಅಡ್ಡ ಬಂದಳು. "ಹೌದವ್ವಾ, ನಂದ ತಪ್ಪಾತು. ಧ್ಯಾಸ ಉಳೀಲಿಲ್ಲ."

"ಧ್ಯಾಸ ಉಳೀಲಿಲ್ಲಂತ! ಗಂಡನ್ನ ನೋಡಿ ಕಲಿ. ಅಷ್ಟ ಹಳೀ ಗಾಡಿ, ತಳದಾಗ ಸೈತ ಒಂದ ಚುಕ್ಕಿ ಜಂಗ ಇಲ್ಲಂತ. ಅಕ್ಕಲಕೋಟ ದಾಟಿದ್ರೂ ಅದನ್ನ ಹೇಳ್ಕೋತ ಬಂದ್ರು ಅಳಿಯಾರು. ಸಾಮಾನ ಜೋಪಾನ ಮಾಡೂದಂದ್ರ ಹಂಗ!"

ಮದುವೆಯಾದಾಗಿನಿಂದ ಅತ್ತೆಯ ಬಾಯಲ್ಲಿ ಒಂದು ಹೊಗಳಿಕೆ ಕೇಳಲು ಶಂಕರೆಪ್ಪ ಹಾತೊರೆದಿದ್ದ. ಇವತ್ತು ಸಿಕ್ಕಿತು. ತಲೆ ತಗ್ಗಿಸಿ ತಾಟಿನಲ್ಲಿದ್ದ ರೊಟ್ಟಿಯ ಚೂರುಗಳನ್ನು ಒಂದಕ್ಕೊಂದು ಜೋಡಿಸತೊಡಗಿದ.

"ಅಳಿಯಾರಿಗಿ ಇನ್ನೊಂದ ರೊಟ್ಟಿ ಹಾಕು," ಎಂದಳು ದ್ರೌಪದಿಬಾಯಿ.

ಲೀಲಾಬಾಯಿ ಹಾಕಿದಳು. ಅವತ್ತು ಆ ಹಂಚಿನಿಂದ ಹರಿಯದೆ ಇಡಿಯಾಗಿ ಎದ್ದ ರೊಟ್ಟಿ ಅದೊಂದೇ.